ಬಿಲ್ಲಿನ ಬೆನ್ನು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಲೋಕವೆಲ್ಲ ಕೇಳುತ್ತದೆ. ಆ ಗಾದೆಯನ್ನು ಸುಳ್ಳು ಮಾಡಿಯೇ ಆ ಮನೆಯವರು ತಲೆಮಾರುಗಳಿಂದ ಹೊಟ್ಟೆ ಹೊರೆದಿದ್ದರು. ಒಣಗಿದ ಹಿಪ್ಪುನೇರಳೆ ಮರವನ್ನು ಸೀಳಿ, ಕೆತ್ತಿ, ಕೀಸಿ, ಬಗ್ಗಿಸಿ ಬಿಲ್ಲು ಮಾಡುವ ಮನೆ ಅದು. ಅಲ್ಲಿ ಬಗ್ಗದೆ ಉಳಿದವರು ಮನೆಯ ಯಜಮಾನರೊಬ್ಬರೇ. ಬೀದಿಯವರು ಅವರನ್ನು ಬಿಲ್ಲಜ್ಜ ಎನ್ನುತ್ತಿದ್ದರು. ಈ ಕಥೆಯಲ್ಲಿ ಹೆಚ್ಚು ಓಡಾಡುವವಳು ಅವರ ಸೊಸೆಯಾದ್ದರಿಂದ ನಾವೂ ಮಾವ ಎಂದೇ ಕರೆಯೋಣ.

ಮಾವನ ಕಣ್ಣು ಹೋಗುತ್ತಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು, ನರ ಒಣಗುತ್ತಿದೆ, ಹನಿ ಹಾಕಿದರೆ ಉಳಿದದ್ದು ಇನ್ನಷ್ಟು ದಿನ ಉಳಿದೀತು, ಹೋದದ್ದು ಮಾತ್ರ ವಾಪಸು ಬರುವುದಿಲ್ಲ ಎಂದಿದ್ದರು. ಮಗ ಹೊರಗೆ ಬಂದು, "ಏನಿಲ್ಲ ಅಪ್ಪ, ವಯಸ್ಸಿಂದು. ಹನಿ ಹಾಕಿದ್ರೆ ಸರಿಹೋಗುತ್ತಂತೆ" ಎಂದ. ಮಾವ ಹೂಂ ಎಂದರು. ಆ ಮನೆಯಲ್ಲಿ ನಾಟಕ ಶುರುವಾದದ್ದು ಅಲ್ಲಿಂದ.

ಅತ್ತೆ ತಟ್ಟೆ ಬಡಿಸುವ ರೀತಿ ಬದಲಾಯಿತು. ಅನ್ನ ಯಾವಾಗಲೂ ನಡುವೆ, ಪಲ್ಯ ಎಡಕ್ಕೆ, ನೀರಿನ ಲೋಟ ಬಲಗೈ ಬೆರಳಿಗೆ ತಾಗುವ ಜಾಗಕ್ಕೆ. ಮಗ ಲಿಫ್ಟ್ ರಿಪೇರಿಯ ಕೆಲಸದವನು; ಒಂದು ಭಾನುವಾರ ಕೆಲಸದ ಕೋಣೆಗೆ ಕಣ್ಣು ಕುಕ್ಕುವಂಥ ಲೈಟು ಹಾಕಿ, ಹಳೆಯದು ಸುಟ್ಟುಹೋಗಿತ್ತು ಎಂದ. ಸುಟ್ಟಿರಲಿಲ್ಲ. ಸೊಸೆ ಓಡಾಡುವ ದಾರಿಯಿಂದ ಬಕೆಟ್ಟು, ಸ್ಟೂಲುಗಳನ್ನು ಸದ್ದಿಲ್ಲದೆ ಎತ್ತಿಟ್ಟಳು. ಮೊಮ್ಮಗಳು ಗುಬ್ಬಿಗೆ ಮಾತ್ರ ಈ ನಾಟಕದಲ್ಲಿ ಪಾತ್ರ ಕೊಡುವುದನ್ನು ಯಾರೋ ಮರೆತಿದ್ದರು.

"ಅಜ್ಜಾ, ಚಪ್ಪಲಿ ಅದಲು ಬದಲು ಹಾಕ್ಕೊಂಡಿದ್ದೀಯ. ಕಾಣಲ್ವಾ ನಿಂಗೆ?" ಎಂದಿತು ಮಗು ಒಂದು ಬೆಳಿಗ್ಗೆ.

ಅತ್ತೆ ಅದರ ತೊಡೆ ಹಿಂಡಿದರು. "ಅಜ್ಜನ ಹತ್ರ ಹಂಗೆಲ್ಲ ಮಾತಾಡ್ತಾರಾ?"

ಮಾವ ಚಪ್ಪಲಿ ಬದಲಾಯಿಸಿಕೊಂಡರು. ಆ ಮನೆಯಲ್ಲಿ ನಿಜ ಹೇಳಿ ಪೆಟ್ಟು ತಿಂದವಳು ಗುಬ್ಬಿಯೊಬ್ಬಳೇ. ಉಳಿದವರಿಗೆ ಅದನ್ನು ನೋಡಿಯೇ ಬುದ್ಧಿ ಬಂದಿತ್ತು.

ಇಂಥ ಹೊತ್ತಿನಲ್ಲಿ ಬಿಲ್ಲಿನ ಮೇಷ್ಟ್ರು ಬಂದರು. ಮಕ್ಕಳಿಗೆ ಬಾಣ ಬಿಡುವುದನ್ನು ಕಲಿಸುವವರು. ಅವರ ಮೈದಾನದಲ್ಲಿದ್ದವೆಲ್ಲ ಕಾರ್ಖಾನೆಯ ಬಿಲ್ಲುಗಳೇ. ತಮಗೊಂದು ಮಾತ್ರ ಮರದ್ದೇ ಆಗಬೇಕು, ಅದೂ ಬಿಲ್ಲಜ್ಜನ ಕೈಯದ್ದೇ ಆಗಬೇಕು ಎಂದು ಹಟ ಹಿಡಿದು ಕುಳಿತರು. ಅಟ್ಟದ ಮೇಲೆ ಚೆನ್ನಾಗಿ ಒಣಗಿದ ಮರದಲ್ಲಿ ಉಳಿದದ್ದು ಒಂದೇ ಸೀಳು. ಪಕ್ಕದವು ಇನ್ನೂ ಹಸಿ. ಅವು ಒಣಗಲು ವರ್ಷಗಳು ಬೇಕು. ಅಷ್ಟರಲ್ಲಿ ಈ ಕಣ್ಣಿನ ಗತಿ ಏನಾಗಿರುತ್ತದೆ ಎಂದು ಲೆಕ್ಕ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಆ ಸೀಳನ್ನು ಇಳಿಸಿಕೊಂಡು, ಮಗುವಿನ ಮೈ ಸವರಿದಂತೆ ಸವರಿ, "ಆಯ್ತು, ಮಾಡ್ಕೊಡ್ತೀನಿ" ಎಂದರು. ಅವರ ಮುಖ ಅಷ್ಟು ಬೆಳಗಿದ್ದನ್ನು ಸೊಸೆ ನೋಡಿ ಬಹಳ ಕಾಲವಾಗಿತ್ತು.

ಬಿಲ್ಲಿನ ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕು ಬೆನ್ನು. ಎಳೆದಾಗ ಬಾಣ ಹೋಗುವ ಕಡೆಗೆ ಇರುವ ಮೈಯನ್ನು ಬೆನ್ನು ಎನ್ನುತ್ತಾರೆ. ಎಳೆಯುವವನ ಕಡೆಗಿರುವುದು ಹೊಟ್ಟೆ. ಮರ ವರ್ಷಕ್ಕೊಂದು ಪದರ ಬೆಳೆಯುತ್ತದೆ. ಬಿಲ್ಲಿನ ಬೆನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ವರ್ಷದ ಪದರವಾಗಿರಬೇಕು. ಕತ್ತಿ ಒಂದು ಕಡೆ ಚೂರು ಹೆಚ್ಚು ಇಳಿದು ಪದರ ತೂತಾದರೆ, ಎಳೆತವೆಲ್ಲ ಅಲ್ಲಿಗೇ ಬಂದು ಒಂದು ದಿನ ಬಿಲ್ಲು ಅಲ್ಲೇ ಸಿಡಿಯುತ್ತದೆ. ಇದನ್ನು ಸೊಸೆಗೆ ಕಲಿಸಿದವರು ಮಾವನೇ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯೂ ಗಂಡನೂ ಹೊಸಬಳನ್ನು ಹೇಗೆ ಮಾತಾಡಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದಾಗ, ಕಸ ಗುಡಿಸಲು ಹೋದವಳನ್ನು ಕೂರಿಸಿಕೊಂಡು, ಮರದ ತುದಿ ತೋರಿಸಿ, "ಇದು ಮಳೆ ಚೆನ್ನಾಗಿ ಆದ ವರ್ಷ, ಇದು ಮರ ಉಪವಾಸ ಬಿದ್ದ ವರ್ಷ" ಎಂದು ಉಗುರಿನಿಂದ ಎಣಿಸಿ ತೋರಿಸಿದ್ದರು. ಆ ಮನೆ ತನ್ನದು ಎಂದು ಅವಳಿಗೆ ಮೊದಲು ಅನ್ನಿಸಿದ್ದು ಆವತ್ತು.

ಬೆನ್ನು ತೆಗೆಯುವ ಕೆಲಸ ಮುಗಿದ ಮಧ್ಯಾಹ್ನ ಅವಳು ಟೀ ಲೋಟ, ಕಸಬರಿಗೆ ಎರಡನ್ನೂ ಹಿಡಿದು ಕೋಣೆಗೆ ಹೋದಳು. ಮಾವ ಎರಡು ಹಿಡಿಯ ಕತ್ತಿಯನ್ನು ಪಕ್ಕಕ್ಕಿಟ್ಟು ಹೆಬ್ಬೆರಳಿನಿಂದ ಮರದ ಮೇಲೆ ಹೋಗಿ ಬಂದು ಮಾಡುತ್ತಿದ್ದರು.

"ಬೆನ್ನು ಹೇಗಿದೆ ನೋಡಮ್ಮ" ಎಂದರು.

ಅವಳು ನೋಡಿದಳು. ಹೊಂಬಣ್ಣದ ಪದರ ತುದಿಯಿಂದ ನುಣ್ಣಗೆ ಇಳಿದು ಬಂದಿತ್ತು. ಬಿಲ್ಲಿನ ಹಿಡಿಯಿಂದ ಒಂದು ಗೇಣು ಮೇಲೆ, ಹೆಬ್ಬೆರಳಿನಷ್ಟು ಅಗಲದ ಜಾಗದಲ್ಲಿ, ಪದರ ತೂತಾಗಿ ಕೆಳಗಿನ ಮೆತ್ತನೆ ಮರ ಮಾಸಲಾಗಿ ಕಾಣುತ್ತಿತ್ತು. ಅವಳು ತಲೆ ಎತ್ತಿ ಮಾವನ ಮುಖ ನೋಡಿದಳು. ಅವರು ತಲೆ ಓರೆ ಮಾಡಿ ಕಾಯುತ್ತಿದ್ದರು.

"ಚೆನ್ನಾಗಿದೆ ಮಾವ" ಎಂದಳು.

"ಚೆನ್ನಾಗಿದೆಯಾ?"

"ಹೂಂ ಮಾವ."

"ಸರಿ" ಎಂದು ಅವರು ಟೀ ಲೋಟಕ್ಕೆ ಕೈ ಚಾಚಿದರು. ಅವಳು ಲೋಟವನ್ನು ಆ ಕೈ ಇದ್ದಲ್ಲಿಗೆ ತಂದಿಟ್ಟಳು.

ಗಂಡ ಕೆಲಸದಿಂದ ಬಂದು ಕೈಗೆ ಹತ್ತಿದ ಗ್ರೀಸು ತೊಳೆಯುತ್ತಿದ್ದಾಗ ಅವಳು ನಲ್ಲಿಯ ಪಕ್ಕ ನಿಂತು ಹೇಳಿದಳು.

"ರೀ, ಮಾವ ಬೆನ್ನಿನ ಪದರ ಕಡಿದುಬಿಟ್ಟಿದ್ದಾರೆ. ಅವರಿಗೆ ಕಂಡಿಲ್ಲ."

"ನಿಂಗೆ ಸರಿಯಾಗಿ ಗೊತ್ತಾ?"

"ಬೇಕಾದ್ರೆ ನೀವೇ ಹೋಗಿ ನೋಡಿ."

ಅವನು ನೋಡಿ ಬಂದ. ಬಂದವನು ಸೋಪು ತೆಗೆದುಕೊಂಡು ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದ.

"ಈಗ್ಲೇ ಹೇಳಿದ್ರೆ ಸರಿಮಾಡ್ಬಹುದು ಕಣ್ರೀ. ಹೊಟ್ಟೆ ಕಡೆ ಮರ ಇನ್ನೂ ದಪ್ಪ ಇದೆ. ಇಡೀ ಬೆನ್ನನ್ನ ಒಂದು ಪದರ ಕೆಳಗಿಳಿಸಿದ್ರೆ ಆಯ್ತು."

"ಯಾರು ಇಳಿಸ್ತಾರೆ? ಕಾಣದೆ ಕಡಿದೋರು ತಾನೇ?"

"ಹಾಗಂತ ಬಿಡೋಕಾಗುತ್ತಾ?"

"ನೋಡು, ನಿಮಗೆ ಕಾಣಲ್ಲ ಅಂತ ಹೇಳಿದ್ರೆ ಆ ಮನುಷ್ಯ ನಾಳೆಯಿಂದ ಹಾಸಿಗೆ ಹಿಡೀತಾರೆ. ಆ ಕೋಣೆ ಬಿಟ್ರೆ ಅವರಿಗೆ ಏನಿದೆ? ಬಿಲ್ಲು ಒಡೆದ್ರೆ ಮರದ ತಪ್ಪು ಅಂದ್ರಾಯ್ತು. ಮರ ಒಡೆಯಲ್ವಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. ಲಿಫ್ಟು ನಿಂತರೆ ಗಂಟೆಗಟ್ಟಲೆ ಕತ್ತಲೆ ಗುಂಡಿಯಲ್ಲಿ ನೇತಾಡಿ ದೋಷ ಹುಡುಕುವ ಗಂಡಸು, ಮನೆಯಲ್ಲಿ ಮಾತ್ರ ದೋಷ ಕಂಡ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದ.

ಮರುದಿನ ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಅವರೆದುರೂ ಬಾಯಿ ಬಿಟ್ಟಳು. ಅತ್ತೆಯ ಚಾಕು ನಿಲ್ಲಲಿಲ್ಲ.

"ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿನ್ನೆ ರಾತ್ರಿ ಬಾಗಿಲು ಹಾಕೋಕೆ ಹೋದಾಗ ನಾನೂ ನೋಡ್ದೆ."

"ಮತ್ತೆ ಹೇಳಿ ಅತ್ತೆ. ನೀವು ಹೇಳಿದ್ರೆ ಕೇಳ್ತಾರೆ."

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರಪ್ಪ ಹೇಗೆ ಹೋದರು ಗೊತ್ತಾ ನಿಂಗೆ? ಕೈ ನಡುಗುತ್ತೆ, ಸಾಕು ಬಿಡಪ್ಪ ಅಂತ ಇವರೇ ಉಳಿ ಕಿತ್ತಿಟ್ರು. ಮುದುಕ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತೋನು ಆ ವರ್ಷ ದಾಟ್ಲಿಲ್ಲ. ಇವರು ಇವತ್ತಿಗೂ ಆ ಕುರ್ಚೀಲಿ ಕೂರಲ್ಲ." ಆಲೂಗಡ್ಡೆಯನ್ನು ನೀರಿಗೆ ಎಸೆದರು. "ನನ್ನ ಗಂಡನ್ನ ಆ ಕುರ್ಚೀಲಿ ಕೂರಿಸೋ ಮಾತು ನನ್ನ ಬಾಯಿಂದ ಬರಲ್ಲ. ನಿನ್ನ ಬಾಯಿಂದಾನೂ ಬರಕೂಡದು."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಲಿಗಳಿಗಾದರೂ ಒಂದು ಸಭೆ ಸೇರಿತ್ತು. ಈ ಮನೆಯಲ್ಲಿ ಸಭೆಯೂ ಇಲ್ಲ.

ಕೋಣೆಯೊಳಗಿಂದ ಕೀಸುವ ಸದ್ದು ದಿನವೂ ಬರುತ್ತಿತ್ತು. ಮಾವ ಈಗ ಹೊಟ್ಟೆಯ ಕಡೆ ತೆಳುಮಾಡುತ್ತಿದ್ದರು. ಸ್ವಲ್ಪ ಕೀಸುವುದು, ಗೋಡೆಯ ಹಲಗೆಗೆ ಸಿಕ್ಕಿಸಿ ಹಗ್ಗ ಎಳೆದು ಹಿಡಿಯ ಮೇಲಿನ, ಕೆಳಗಿನ ಎರಡು ತೋಳೂ ಸಮನಾಗಿ ಬಾಗುತ್ತವೆಯೇ ಎಂದು ನೋಡುವುದು, ಬಿಗಿ ಇದ್ದ ಕಡೆ ಮತ್ತೆ ಕೀಸುವುದು. ನೋಡುವುದು ಎಂದೆ, ನಿಜಕ್ಕೂ ಅವರು ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಯಿಂದ ಬಾಗನ್ನು ಸವರುತ್ತಿದ್ದರು. ಕೈಗೆ ಸಿಕ್ಕಿದ್ದು ಅಷ್ಟು ಸರಿಯಾಗಿರುತ್ತಿತ್ತು. ಸೊಸೆ ದಿನವೂ ಮೊರದ ತುಂಬ ಮರದ ಸಿಪ್ಪೆ ಬಾಚಿ ಒಲೆಯ ಪಕ್ಕ ಸುರಿಯುತ್ತಿದ್ದಳು. ಸಿಪ್ಪೆಯ ರಾಶಿ ಬೆಳೆದಷ್ಟೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೊಟ್ಟೆ ತೆಳುವಾದ ಮೇಲೆ ಬೆನ್ನನ್ನು ಇಳಿಸುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೊರ ಎತ್ತುವಾಗಲೆಲ್ಲ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವಳು. ಸುರಿದು ಬರುವಷ್ಟರಲ್ಲಿ ನಾಳೆಗಾಯಿತು ಎನ್ನುವಳು.

ಒಂದು ದಿನ ಉಪಾಯವೊಂದು ಹೊಳೆಯಿತು. ಬೆನ್ನಿಗೆ ತೆಳ್ಳನೆ ತೊಗಲು ಅಂಟಿಸಿದರೆ ಕಡಿದ ಪದರಕ್ಕೂ ಸ್ವಲ್ಪ ಹಿಡಿತ ಬರುತ್ತದೆ ಎಂದು ಮಾವನೇ ಯಾವಾಗಲೋ ಹೇಳಿದ್ದರು.

"ಮಾವ, ಈ ಸಲ ಬೆನ್ನಿಗೆ ತೊಗಲು ಹಚ್ಚಿದ್ರೆ ಹೇಗೆ?"

ಮಾವ ಕೀಸುವುದನ್ನು ನಿಲ್ಲಿಸಿದರು. "ತೊಗಲು ಹಚ್ಚೋದು ತಪ್ಪಾದಾಗ ಅಲ್ವೇನಮ್ಮಾ. ಏನಾಗಿದೆ ಬೆನ್ನಿಗೆ?"

ನಿಜ ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯನ್ನು ಕುಕ್ಕಿದ ಸದ್ದಾಯಿತು.

"ಏನಿಲ್ಲ ಮಾವ. ಚೆಂದಕ್ಕೆ ಅಂತ ಅಂದೆ."

"ಚೆಂದಕ್ಕೆ ಬೇಡ" ಎಂದು ಅವರು ಹೆಬ್ಬೆರಳನ್ನು ಬೆನ್ನಿನ ಮೇಲೆ ಒಮ್ಮೆ ಆಡಿಸಿದರು. ಆಮೇಲೆ ಮತ್ತೆ ಕೀಸತೊಡಗಿದರು.

ಅಂದು ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು. "ಏನೋ, ಬಿಲ್ಲು ನೋಡಿದ್ಯಾ? ಬೆನ್ನು ಹೇಗೆ ಬಂದಿದೆ?"

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕನ್ನಡಿ ಇದ್ದ ಹಾಗಿದೆ ಅಪ್ಪ."

"ನೀನು ನೋಡಿದ್ಯೇನೇ?" ಎಂದು ಅತ್ತೆಯನ್ನು ಕೇಳಿದರು.

"ನಂಗೇನ್ರೀ ಗೊತ್ತಾಗುತ್ತೆ ಅದೆಲ್ಲ? ನಿಮ್ಮ ಕೈ ಕೆಟ್ಟದ್ದು ಯಾವತ್ತು ಮಾಡಿದೆ? ಇನ್ನೊಂದು ಮೊಟ್ಟೆ ಹಾಕ್ಲಾ?"

ಗುಬ್ಬಿ ಬಾಯಿ ತೆರೆಯಿತು. ಅತ್ತೆ ಅದರ ಬಾಯಿಗೆ ಒಂದು ತುತ್ತು ತುರುಕಿದರು. ಮಾವ ಎಲ್ಲರ ಕಡೆಗೂ ಮುಖ ತಿರುಗಿಸಿದರು. ಸೊಸೆ ಕೂತಿದ್ದ ಕಡೆ ಸ್ವಲ್ಪ ಹೆಚ್ಚು ಹೊತ್ತೇ ತಿರುಗಿಸಿದ್ದರು ಎಂದು ಅವಳಿಗೆ ಆಮೇಲೆ ನೆನಪಾಯಿತು. ಆಗ ಅವಳು ಉಪ್ಪು ತರುವ ನೆಪ ಮಾಡಿ ಎದ್ದು ಹೋದಳು.

ಆ ಮನೆತನಕ್ಕೆ ಒಂದು ಕಟ್ಟುಪಾಡಿತ್ತು. ಬಿಲ್ಲನ್ನು ಕೊಡುವ ದಿನ, ಕೊಳ್ಳುವವನ ಎದುರಿಗೆ, ಮಾಡಿದವನೇ ಮೊದಲು ಪೂರ್ತಿ ಎಳೆಯಬೇಕು. ಒಡೆಯುವುದಿದ್ದರೆ ಮಾಡಿದವನ ಕೈಯಲ್ಲಿ ಒಡೆಯಲಿ ಎಂದು. ಎಳೆಯುವಾಗ ಬಿಲ್ಲು ಮುಖದ ಮುಂದೆಯೇ ಇರುತ್ತದೆ. ಸಿಡಿದ ಚೂರು ಕಣ್ಣಿಗೂ ಬೀಳಬಹುದು, ಕುತ್ತಿಗೆಗೂ ನಾಟಬಹುದು. ಮೇಷ್ಟ್ರು ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದಾಗ ಸೊಸೆ ಗಂಡನ ಎದುರು ಅತ್ತೇಬಿಟ್ಟಳು.

"ಬಿಲ್ಲು ಹಾಳಾಗ್ಲಿ ರೀ. ಅವರ ಮುಖದ ಮುಂದೆ ಸಿಡಿದ್ರೆ?"

"ನಾನೇ ಎಳೀತೀನಿ ಬಿಡು. ಅವರ ಭುಜ ನೋಯ್ತಿದೆ ಅಂತ ಏನೋ ಒಂದು ಹೇಳ್ತೀನಿ."

"ಇನ್ನೊಂದು ಸುಳ್ಳಾ?"

"ನಿಜ ಹೇಳೋ ಧೈರ್ಯ ಇದ್ರೆ ನೀನೇ ಹೋಗಿ ಹೇಳು! ನೋಡಿದ್ದು ನೀನು ಮೊದಲು!"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ತೊಳೆಯಲು ಹೋದಳು.

ಭಾನುವಾರ ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡು ಬಂದರು. ಹಿತ್ತಲಿನಲ್ಲಿ ಎಲ್ಲರೂ ನಿಂತರು. ಎಣ್ಣೆ ಉಜ್ಜಿದ ಬಿಲ್ಲು ಬಿಸಿಲಿಗೆ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅಷ್ಟು ಚೆಂದದ್ದನ್ನು ಮಾವ ಯಾವತ್ತೂ ಮಾಡಿರಲಿಲ್ಲ.

"ಅಪ್ಪ, ಕೊಡಿ, ನಾನು ಎಳೀತೀನಿ. ನಿಮ್ಮ ಭುಜ..." ಎಂದು ಮಗ ಮುಂದೆ ಬಂದ.

"ನನ್ನ ಭುಜಕ್ಕೇನಾಗಿದೆ? ಮಾಡಿದೋನು ನಾನು. ಸರಿ ಆ ಕಡೆ." ಮಾವ ಬಿಲ್ಲನ್ನು ಕಾಲಿಗೆ ಒತ್ತಿ ಹೆದೆ ಏರಿಸಿದರು. "ಮೇಷ್ಟ್ರೇ, ನೀವು ನನ್ನ ಹಿಂದಕ್ಕೆ ಬನ್ನಿ. ಇನ್ನೂ ಹಿಂದೆ. ಗುಬ್ಬೀನ ಒಳಗೆ ಕಳಿಸಿ ಯಾರಾದ್ರೂ."

ಅವರು ಬಿಲ್ಲು ಎತ್ತಿದರು. ಹೆದೆ ಅರ್ಧ ಬಂತು. ಬಿಲ್ಲಿನ ಎರಡು ತೋಳೂ ಅಷ್ಟು ಸಮನಾಗಿ ಬಾಗಿದವು ಎಂದರೆ ಮೇಷ್ಟ್ರು ಆಹಾ ಎಂದರು. ಸೊಸೆಗೆ ತಡೆಯಲಾಗಲಿಲ್ಲ.

"ಮಾವಾ, ಬೇಡ! ಎಳೀಬೇಡಿ!"

ಮಾವ ಒಂದು ಕ್ಷಣ ನಿಂತರು. ಆಮೇಲೆ ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎದೆ ತುಂಬ ಎಳೆದರು.

ಪಟಾಕಿ ಹೊಡೆದಂಥ ಸದ್ದಾಯಿತು. ಮೇಲಿನ ತೋಳು ಹಿಡಿಯಿಂದ ಒಂದು ಗೇಣು ಮೇಲೆ ಎರಡಾಗಿ ಹೆದೆಗೆ ನೇತಾಡಿತು. ಒಂದು ಚೂರು ಗೋಡೆಗೆ ಬಡಿಯಿತು. ಮಾವನ ಕಿವಿಯ ಪಕ್ಕ ತರಚಿ ರಕ್ತ ಬಂದಿತ್ತು. ಅತ್ತೆ ಅಯ್ಯೋ ಎಂದು ಓಡಿ ಬಂದು ಸೆರಗು ಒತ್ತಿ ಹಿಡಿದರು.

"ಮರದ ತಪ್ಪು ಅಪ್ಪ" ಎಂದ ಮಗ. "ಒಳಗೆ ಎಲ್ಲೋ ಹುಳ ತಿಂದಿರ್ಬೇಕು."

"ಹೌದಪ್ಪ. ಮರಕ್ಕೆ ಬಾಯಿಲ್ಲ ನೋಡು, ಯಾರು ಏನು ಬೇಕಾದ್ರೂ ಹೊರಿಸಬಹುದು" ಎಂದರು ಮಾವ.

ಮೇಷ್ಟ್ರು ಪಾಪ, ಒಳ್ಳೆಯವರು. ಇರಲಿ ಬಿಡಿ, ಇದೆಲ್ಲ ಆಗುತ್ತದೆ, ಸದ್ಯಕ್ಕೆ ಅಂಗಡಿಯದ್ದೇ ಒಂದು ತೆಗೆದುಕೊಳ್ಳುತ್ತೇನೆ ಎಂದು ಸಮಾಧಾನ ಹೇಳಿದರು. ಟೀ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ. ರಾತ್ರಿ ಊಟಕ್ಕೆ ಅತ್ತೆ ಎಂದಿನಂತೆ ಅನ್ನ ನಡುವೆ, ಪಲ್ಯ ಎಡಕ್ಕೆ ಬಡಿಸಿದರು. ಮಾವ ಎಲ್ಲವನ್ನೂ ಕಲಸಿ ಒಂದು ಮಾಡಿ, ಎರಡು ತುತ್ತು ತಿಂದು ಎದ್ದರು.

ಮರುದಿನ ಬೆಳಿಗ್ಗೆ ಸೊಸೆ ಅಭ್ಯಾಸಬಲದಿಂದ ಕಸಬರಿಗೆ ಹಿಡಿದು ಕೋಣೆಗೆ ಹೋದಳು. ಮಾವ ಲೈಟು ಹಾಕದೆ ಕುಳಿತಿದ್ದರು. ತೊಡೆಯ ಮೇಲೆ ಬಿಲ್ಲಿನ ತುಂಡುಗಳು.

"ಯಾರು?" ಎಂದರು.

ಈ ಪ್ರಶ್ನೆಯನ್ನು ಅವರು ಆ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಯಾರೇ ಬಂದರೂ, ಕಂಡವರಂತೆ, ಬಾ ಎನ್ನುತ್ತಿದ್ದರು.

"ನಾನು ಮಾವ."

"ಬಾ. ಬೆನ್ನು ಹೇಗಿತ್ತು, ಈಗ ಹೇಳು."

ಅವಳು ಅವರ ಕಾಲ ಬಳಿ ಕುಳಿತಳು. ತುಂಡನ್ನು ಎತ್ತಿಕೊಂಡು, ಒಡೆದ ಅಂಚಿನ ಮೇಲೆ ಬೆರಳಿಟ್ಟಳು. "ಹಿಡಿಯಿಂದ ಒಂದು ಗೇಣು ಮೇಲೆ ಪದರ ಹೋಗಿತ್ತು ಮಾವ. ಹೆಬ್ಬೆರಳಗಲ. ಕೆಳಗಿನ ಮೆತ್ತನೆ ಮರ ಕಾಣ್ತಿತ್ತು."

"ಯಾವತ್ತು ನೋಡಿದೆ?"

"ಆವತ್ತೇ. ನೀವು ನೋಡು ಅಂದಾಗಲೇ."

ಮಾವ ತಲೆ ಆಡಿಸಿದರು. "ನಂಗೂ ಆವತ್ತೇ ಗೊತ್ತಾಯ್ತು. ಹೆಬ್ಬೆರಳು ಸುಳ್ಳು ಹೇಳುತ್ತಾ?"

"ಗೊತ್ತಿದ್ದೂ ಯಾಕೆ ಮಾವ...? ಒಂದು ಪದರ ಕೆಳಗಿಳಿಸಬಹುದಿತ್ತಲ್ಲ?"

"ಪದರ ಹಿಡಿದು ಕೀಸೋಕೆ ಕಣ್ಣು ಬೇಕಲ್ಲಮ್ಮ. ನನ್ನ ಹತ್ರ ಎಲ್ಲಿದೆ? ನೀನು ಇಲ್ಲಿ, ಇಲ್ಲಿ ಅಂತ ಹೇಳ್ತಾ ಹೋಗಿದ್ರೆ ನಾನು ಕೀಸ್ತಾ ಹೋಗ್ತಿದ್ದೆ. ಒಂದು ವಾರದ ಕೆಲಸ."

"ನೀವು ಒಂದು ಮಾತು ಕೇಳಿದ್ರೆ ನಾನು ಬರ್ತಿರ್ಲಿಲ್ವಾ ಮಾವ?" ಎಂದು ಅವಳು ಅಳುತ್ತ ಅಂದಳು.

"ಕೇಳಿದೆನಲ್ಲಮ್ಮ" ಎಂದರು ಮಾವ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಬೆನ್ನು ಹೇಗಿದೆ ಅಂತ ನಿನ್ನ ಕೇಳಿದೆ. ನಿನ್ನ ಗಂಡನ್ನ ಕೇಳಿದೆ, ನಿಮ್ಮತ್ತೇನ ಕೇಳಿದೆ. ನೀನು ತೊಗಲಿನ ಮಾತು ತೆಗೆದಾಗ ಮತ್ತೆ ಕೇಳಿದೆ. ಕಣ್ಣು ಹೋಗಿದೆ, ಬಾ ಸಹಾಯ ಮಾಡು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನೀವಾದ್ರೂ ಹೇಳ್ತೀರಿ ಅಂದ್ಕೊಂಡೆ. ಹೊಟ್ಟೆ ಕೀಸ್ತಾ ಕೀಸ್ತಾ ದಿನಾ ಕಾದೆ."

ಅವಳ ಕಸಬರಿಗೆ ಕೈಯಲ್ಲೇ ಇತ್ತು. ನೆಲದ ಮೇಲೆ ಗುಡಿಸುವಂಥದ್ದು ಏನೂ ಇರಲಿಲ್ಲ.

ಮಾವ ತುಂಡುಗಳನ್ನು ಅವಳ ಮಡಿಲಿಗೆ ಹಾಕಿ, "ಒಲೆಗೆ ಹಾಕು, ಚೆನ್ನಾಗಿ ಉರಿಯುತ್ತೆ. ಒಣಗಿದ ಮರ" ಎಂದು ಮೇಲೆದ್ದರು. ಬಾಗಿಲ ಹೊರಗೆ ಅತ್ತೆಯೂ ಗಂಡನೂ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಸದ್ದು ಮಾಡದೆ ದಾರಿ ಬಿಟ್ಟರು. ಮಾವ ಯಾರು ನೋಡಿದರೂ ನೋಡಲಿ ಎಂಬಂತೆ, ಎರಡು ಕೈಗಳಿಂದಲೂ ಗೋಡೆ ತಡಕಿಕೊಂಡು, ಮುಂಬಾಗಿಲ ಪಕ್ಕದಲ್ಲಿದ್ದ ತಮ್ಮ ಅಪ್ಪನ ಕುರ್ಚಿಯವರೆಗೆ ನಡೆದುಹೋಗಿ ಅದರಲ್ಲಿ ಕುಳಿತರು.